ಉತ್ತರದ ಕೊನೆಯೂರಿಗೆ ಎರಡು ಎಳೆಗಳು

2025ನೆಯ ಇಸವಿಯ ಶ್ರಾವಣಮಾಸದಲ್ಲಿ ನಾವು ದಂಪತಿಗಳು ಉತ್ತರಧ್ರುವಕ್ಕೆ ಸಮೀಪದಲ್ಲಿರುವ ಸ್ವಾಲ್‌ಬಾರ್ಡ್ ದ್ವೀಪಗಳಿಗೆ ಹೋಗಿಬರುವುದೆಂದು ನಿಶ್ಚಯವಾದಾಗ ಮನೆಯಲ್ಲಿ ಎಲ್ಲರಿಗೂ ಸಂತೋಷವಾಯಿತು. ನಮ್ಮ ತಾಯಿಯವರೊಬ್ಬರಿಗೆ ಮಾತ್ರ ಆಗಲಿಲ್ಲ. ಅವರಿಗೆ ಎಂಬತ್ತನಾಲ್ಕು ವರ್ಷ. ಮೈಸೂರಿನಲ್ಲಿ ನಮ್ಮ ತಮ್ಮನ ಮನೆಯಲ್ಲಿರುತ್ತಾರೆ. ಹೊರಡುವ ಮುನ್ನ ನಮಸ್ಕಾರ ಮಾಡಲು ಹೋದಾಗ ಅವರು, “ಅಲ್ಲಿ ಬಿಳಿಯ ಕರಡಿಗಳಿವೆಯಂತೆ. ಇರಲಿ, ನೀವು ಜೋಪಾನವಾಗಿರುತ್ತೀರಿ. ಆದರೆ ಇಲ್ಲಿ ನನಗೆ ಏನಾದರೂ ಹೆಚ್ಚು ಕಡಮೆಯಾದರೆ ಆ ಮಂಜಿನ ದೇಶಕ್ಕೆ ಸುದ್ದಿ ಮುಟ್ಟುವುದು ಹೇಗಪ್ಪ?” ಎಂದು ಕೇಳಿದರು.

“ಫೋನು ಇದೆಯಲ್ಲಮ್ಮ” ಎಂದು ಹೇಳಿ ನಾವು ಮಾತನ್ನು ತೇಲಿಸಿಬಿಟ್ಟೆವು. ಆದರೆ ಆ ಫೋನಿನ ಮಾತು ಅಷ್ಟು ದೂರ ಯಾವ ದಾರಿಯಿಂದ ಹೋಗುತ್ತದೆಂಬುದು ನಮಗೂ ತಿಳಿದಿರಲಿಲ್ಲ. ಹಿರಿಯರು ಕೇಳಿದ ಪ್ರಶ್ನೆಗೆ ತಿಳಿಯದೆ ಉತ್ತರ ಕೊಟ್ಟೆವಲ್ಲಾ ಎಂಬ ಅಳುಕು ಪ್ರಯಾಣದುದ್ದಕ್ಕೂ ನಮ್ಮನ್ನು ಬಿಡಲಿಲ್ಲ. ಅಲ್ಲಿ ಕಂಡು ಕೇಳಿ ತಿಳಿದುಕೊಂಡುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಾರ್ವೆ ದೇಶದ ಉತ್ತರದ ಕರಾವಳಿಗೂ ಧ್ರುವಕ್ಕೂ ಹೆಚ್ಚು ಕಡಮೆ ನಡುಮಧ್ಯದಲ್ಲಿ ಈ ದ್ವೀಪಸಮೂಹವಿದೆ. ಅದರ ಮುಖ್ಯ ಊರು ಲಾಂಗ್‌ಇಯರ್‌ಬೀನ್. ನಮ್ಮ ಮೈಸೂರು ಭೂಮಧ್ಯರೇಖೆಯಿಂದ ಉತ್ತರಕ್ಕೆ 12 ಡಿಗ್ರಿಯಲ್ಲಿದ್ದರೆ ಈ ಊರು 78 ಡಿಗ್ರಿಯಲ್ಲಿದೆ. ಅಲ್ಲಿಂದ ಧ್ರುವಕ್ಕೆ ಸುಮಾರು 1,300 ಕಿಲೋಮೀಟರು ಮಾತ್ರ. ಓಸ್ಲೋ ಪಟ್ಟಣದಿಂದ ವಿಮಾನದಲ್ಲಿ ಸುಮಾರು ಮೂರು ಗಂಟೆಯ ಹಾದಿ. ಕೊನೆಯ ಗಂಟೆಯಲ್ಲಿ ಕೆಳಗೆ ನೋಡಿದರೆ ಬೂದುಬಣ್ಣದ ಸಮುದ್ರವಲ್ಲದೆ ಮತ್ತೇನೂ ಇಲ್ಲ. ಆಮೇಲೆ ತಟ್ಟನೆ ಚೂಪಾದ ಬೆಟ್ಟಗಳು, ಅವುಗಳ ಸಂದಿನಲ್ಲಿ ಹೆಪ್ಪುಗಟ್ಟಿದ ನದಿಗಳಂತೆ ಹಿಮದ ರಾಶಿಗಳು. ಮರವೆಂಬುದು ಒಂದೂ ಇಲ್ಲ.

ಊರು ಚಿಕ್ಕದು. ಸುಮಾರು ಎರಡೂವರೆ ಸಾವಿರ ಜನ. ಅವರಲ್ಲಿ ಐವತ್ತಕ್ಕೂ ಹೆಚ್ಚು ದೇಶಗಳವರಿದ್ದಾರೆ. 1920ರಲ್ಲಿ ಪ್ಯಾರಿಸ್ಸಿನಲ್ಲಿ ಆದ ಒಪ್ಪಂದದಂತೆ ಈ ದ್ವೀಪಗಳ ಒಡೆತನ ನಾರ್ವೆಯದಾದರೂ, ಸಹಿಮಾಡಿದ ದೇಶಗಳ ಪ್ರಜೆಗಳೆಲ್ಲರಿಗೂ ಅಲ್ಲಿ ಇರುವ, ಕಸುಬು ನಡೆಸುವ ಹಕ್ಕುಂಟು. ಆಗ ಬ್ರಿಟಿಷ್ ಚಕ್ರಾಧಿಪತ್ಯದೊಳಗಿದ್ದ ನಮ್ಮ ದೇಶದ ಪರವಾಗಿಯೂ ಅದಕ್ಕೆ ಸಹಿಯಾಗಿದೆ. ನೆಲವು ಬಾರಿಮಾಸವೂ ಹೆಪ್ಪುಗಟ್ಟಿರುವುದರಿಂದ ಮನೆಗಳನ್ನು ಕಂಬಗಳ ಮೇಲೆ ಎತ್ತಿ ಕಟ್ಟಿದ್ದಾರೆ. ಊರ ಎಲ್ಲೆಯನ್ನು ದಾಟುವವರು ಕರಡಿಯ ಭಯದಿಂದ ಬಂದೂಕನ್ನು ಒಯ್ಯುತ್ತಾರೆ. ಒಂದು ಪದ್ಧತಿ ಮಾತ್ರ ನಮಗೆ ತೀರ ಮನೆಯದೆನಿಸಿತು: ವಸತಿಗೃಹದಲ್ಲಿ ಪಾದರಕ್ಷೆಗಳನ್ನು ಬಾಗಿಲಲ್ಲಿಯೇ ಬಿಟ್ಟು ಒಳಗೆ ಹೋಗಬೇಕು. ಕಲ್ಲಿದ್ದಲ ಗಣಿಗಳಿದ್ದ ಕಾಲದಲ್ಲಿ ಕಪ್ಪು ಧೂಳನ್ನು ಒಳಗೆ ತರಬಾರದೆಂದು ಹುಟ್ಟಿದ ರೂಢಿಯಂತೆ. ಈ ಊರನ್ನು 1906ರಲ್ಲಿ ಸ್ಥಾಪಿಸಿದವನು ಲಾಂಗ್‌ಇಯರ್ ಎಂಬ ಅಮೆರಿಕದ ಗಣಿಯುದ್ಯಮಿ. ನಾರ್ವೆಯವರು ಅಲ್ಲಿ ನಡೆಸುತ್ತಿದ್ದ ಕೊನೆಯ ಗಣಿಯೂ ನಾವು ಹೋಗುವ ಹೊತ್ತಿಗೆ, 2025ರ ಜೂನ್ ಕೊನೆಯಲ್ಲಿ, ಮುಚ್ಚಿತ್ತು.

ನಾವು ಇದ್ದಷ್ಟು ದಿನವೂ ಸೂರ್ಯನು ಮುಳುಗಲೇ ಇಲ್ಲ. ಏಪ್ರಿಲ್ ಮೂರನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ಅಲ್ಲಿ ರಾತ್ರಿಯೆಂಬುದಿಲ್ಲ. ನಮ್ಮ ಮನೆಯಾಕೆಗೆ ಎದುರಾದ ಮೊದಲ ತೊಡಕೆಂದರೆ ಸಂಜೆಯ ದೀಪವನ್ನು ಯಾವಾಗ ಹಚ್ಚಬೇಕೆಂಬುದು. ಕೊನೆಗೆ ಮೈಸೂರಿನ ಗಡಿಯಾರವನ್ನೇ ನಂಬಿದಳು. ಇದಕ್ಕೆ ಪ್ರತಿಯಾಗಿ ಅಕ್ಟೋಬರ್ ಕೊನೆಯಿಂದ ಫೆಬ್ರವರಿ ಮಧ್ಯದವರೆಗೆ ಸೂರ್ಯನ ಮುಖವನ್ನೇ ಕಾಣದಂತೆ ಕಳೆಯಬೇಕು.

ಆ ದೀರ್ಘವಾದ ಕತ್ತಲೆಯಲ್ಲಿ ಹಿಂದಿನವರು ಹೇಗೆ ಬಾಳಿದರೋ ಊಹಿಸಿಕೊಳ್ಳುವುದು ಕಷ್ಟ. ಶರತ್ಕಾಲದಲ್ಲಿ ಕೊನೆಯ ಹಡಗು ಹೋಯಿತೆಂದರೆ ಮಂಜು ಕರಗಿ ವಸಂತದಲ್ಲಿ ಮೊದಲನೆಯ ಹಡಗು ಬರುವವರೆಗೆ ಕಾಗದವಿಲ್ಲ, ಪತ್ರವಿಲ್ಲ. ಊರಿನಲ್ಲಿ ತಾಯಿ ತೀರಿಕೊಂಡ ಸುದ್ದಿ ಮಗನಿಗೆ ಆರು ತಿಂಗಳ ಮೇಲೆ ತಿಳಿದರೂ ಆಶ್ಚರ್ಯವಿರಲಿಲ್ಲ. 1911ರಲ್ಲಿ ಗ್ರೀನ್ ಹಾರ್ಬರ್ ಎಂಬಲ್ಲಿ ನಿಸ್ತಂತು ಕೇಂದ್ರವನ್ನು ಸ್ಥಾಪಿಸಿದ ಮೇಲೆ ನಾರ್ವೆಯೊಡನೆ ತಂತಿಯ ಭಾಷೆಯಲ್ಲಿ ನಾಲ್ಕು ಮಾತು ಆಡುವುದು ಸಾಧ್ಯವಾಯಿತು. ಎರಡನೆಯ ಮಹಾಯುದ್ಧದ ತರುವಾಯ ಚಳಿಗಾಲದಲ್ಲಿ ವಿಮಾನಗಳು ಬಂದು ಅಂಚೆಯ ಚೀಲಗಳನ್ನು ಮೇಲಿನಿಂದ ಕೆಡವಿ ಹೋಗುತ್ತಿದ್ದುವು. ವರ್ಷವೆಲ್ಲ ನಡೆಯುವ ವಿಮಾನನಿಲ್ದಾಣವಾದುದು 1975ರಲ್ಲಿ.

ಸುದ್ದಿಗಾಗಿ ಈ ದ್ವೀಪಗಳಲ್ಲಿ ಜನರು ಪಟ್ಟ ಪಾಡನ್ನು ಹೇಳುವಾಗ ಯುದ್ಧಕಾಲದ ಮಾತನ್ನು ಬಿಡುವಂತಿಲ್ಲ. ಯೂರೋಪಿನ ಹವೆ ಉತ್ತರದಿಂದ ಇಳಿಯುತ್ತದೆ; ಇಲ್ಲಿಯ ಗಾಳಿ ಮಂಜುಗಳನ್ನು ಬಲ್ಲವನು ನಾಳೆ ಅಲ್ಲಿ ಯಾವ ಹವೆ ಇರುವುದೆಂದು ಹೇಳಬಲ್ಲನು. ಆದಕಾರಣ ಎರಡು ಪಕ್ಷದವರಿಗೂ ಇಲ್ಲಿಯ ಹವೆಯ ವರದಿ ಬೇಕಾಗಿತ್ತು. 1941ರಲ್ಲಿ ಮಿತ್ರರಾಷ್ಟ್ರಗಳ ಸೈನ್ಯವು ಇಲ್ಲಿಯ ಜನರನ್ನೆಲ್ಲ ಹಡಗು ಹತ್ತಿಸಿ ಕರೆದೊಯ್ಯುವಾಗ, ಶತ್ರುವಿಮಾನಗಳು ಬಾರದಿರಲೆಂದು, “ಇಲ್ಲಿ ದಟ್ಟವಾದ ಮಂಜು ಕವಿದಿದೆ” ಎಂಬ ಸುಳ್ಳು ವರದಿಗಳನ್ನು ನಿಸ್ತಂತುವಿನಲ್ಲಿ ಕಳುಹಿಸಿತು. 1944ರಲ್ಲಿ ಜರ್ಮನರು ಹನ್ನೊಂದು ಮಂದಿಯ ಒಂದು ಗುಂಪನ್ನು ಈಶಾನ್ಯದ ನಿರ್ಜನ ದ್ವೀಪದಲ್ಲಿ ಹವೆಯ ವರದಿಗಾಗಿ ಇಳಿಸಿದರು. 1945ರ ಮೇ ತಿಂಗಳಲ್ಲಿ ಯುದ್ಧವು ಮುಗಿಯಿತು. ಅವರನ್ನು ಕರೆಯಲು ಯಾರೂ ಬರಲಿಲ್ಲ. ಸೆಪ್ಟೆಂಬರಿನಲ್ಲಿ ಸೀಲ್ ಬೇಟೆಯ ನಾರ್ವೆ ಹಡಗೊಂದು ಬಂದಾಗ ಅದರ ಯಜಮಾನನಿಗೆ ಶರಣಾಗತರಾದರು. ಜರ್ಮನ್ ಸೈನಿಕರಲ್ಲಿ ಕೊಟ್ಟಕೊನೆಗೆ ಶರಣಾದವರು ಇವರೇ ಎಂದು ಹೇಳುತ್ತಾರೆ.

ಹೀಗೆ ಜೀವವನ್ನು ಪಣವಿಟ್ಟು ಪಡೆಯುತ್ತಿದ್ದ ಹವೆಯ ಸುದ್ದಿಯನ್ನು ಈಗ ಯಾವ ರೀತಿಯಲ್ಲಿ ಪಡೆಯುತ್ತಾರೆಂಬುದನ್ನು ತಿಳಿಯಬೇಕಾದರೆ ವಿಮಾನನಿಲ್ದಾಣದ ಹಿಂದಿರುವ ಬೆಟ್ಟವನ್ನು ನೋಡಬೇಕು. ಅದರ ಹೆಸರು ಪ್ಲಾಟೋಬೆರ್ಗೆಟ್; ತಲೆ ಚಪ್ಪಟೆಯಾದ ಬೆಟ್ಟ. ಮಳೆ ಬಿದ್ದ ಮಾರನೆಯ ದಿನ ಹಿತ್ತಲಲ್ಲಿ ಅಣಬೆಗಳೆದ್ದಂತೆ ಅದರ ಮೇಲೆ ಬಿಳಿಯ ಗುಮ್ಮಟಗಳು ಸಾಲುಸಾಲಾಗಿ ಎದ್ದಿವೆ. ಒಂದೊಂದರೊಳಗೂ ಆಕಾಶದ ಕಡೆಗೆ ತಿರುಗಿಕೊಂಡಿರುವ ದೊಡ್ಡ ಬೋಗುಣಿಯಾಕಾರದ ಆಂಟೆನಾ ಇದೆ. ಇಂಥವು ನೂರಕ್ಕೂ ಹೆಚ್ಚು. ಭೂಮಿಯನ್ನು ಧ್ರುವದಿಂದ ಧ್ರುವಕ್ಕೆ ಸುತ್ತುವ ಕೃತಕ ಉಪಗ್ರಹಗಳು ತೆಗೆದ ಚಿತ್ರಗಳನ್ನೂ ಅಳತೆಗಳನ್ನೂ ಇಳಿಸಿಕೊಳ್ಳುವ ಈ ಕೇಂದ್ರ 1990ರ ದಶಕದ ಕೊನೆಯಲ್ಲಿ ಕೆಲಸಕ್ಕೆ ತೊಡಗಿತು. ಅದರ ಹೆಸರು ಸ್ವಾಲ್‌ಸ್ಯಾಟ್.

ಈ ಬೆಟ್ಟವನ್ನೇ ಏಕೆ ಆರಿಸಿಕೊಂಡರೆಂದು ವಾಚಕರು ಕೇಳಬಹುದು. ಅಡಿಗೆಮನೆಯಲ್ಲಿರುವ ಒಂದು ಕುಂಬಳಕಾಯಿಯನ್ನು ನೋಡಿದರೆ ಉತ್ತರ ತಿಳಿಯುತ್ತದೆ. ಕಾಯಿಯ ಮೈಮೇಲಿನ ಗೆರೆಗಳು ನಡುವಿನಲ್ಲಿ ಒಂದರಿಂದೊಂದು ದೂರವಾಗಿದ್ದು, ತೊಟ್ಟಿನ ಬಳಿಗೆ ಬಂದಾಗ ಎಲ್ಲವೂ ಕೂಡಿಕೊಳ್ಳುತ್ತವೆ. ಉಪಗ್ರಹಗಳ ದಾರಿಗಳೂ ಹಾಗೆಯೇ. ಒಂದು ಸುತ್ತಿಗೆ ಸುಮಾರು ನೂರು ನಿಮಿಷದಂತೆ ಅವು ದಿನಕ್ಕೆ ಸುಮಾರು ಹದಿನಾಲ್ಕು ಸಲ ಸುತ್ತುತ್ತವೆ. ಭೂಮಿಯ ನಡುಭಾಗದ ಕೇಂದ್ರಕ್ಕೆ ಅವುಗಳಲ್ಲಿ ಕೆಲವು ಸುತ್ತುಗಳು ಮಾತ್ರ ಕಾಣಿಸುತ್ತವೆ. ತೊಟ್ಟಿನ ಬಳಿಯಲ್ಲಿರುವ ಈ ಬೆಟ್ಟಕ್ಕಾದರೋ ಪ್ರತಿಯೊಂದು ಸುತ್ತೂ ಕಾಣುತ್ತದೆ. ನಮ್ಮ ಮನೆಗಳಲ್ಲಿ ನಾಳೆ ಬಟ್ಟೆ ಒಣಗಿಸಬಹುದೇ, ಹಪ್ಪಳ ಹರವಬಹುದೇ ಎಂದು ನೋಡುವ ಹವೆಯ ಲೆಕ್ಕಾಚಾರಕ್ಕೆ ಲೋಕದ ಎಲ್ಲ ಕಡೆಯ ಅಳತೆಗಳೂ ಬೇಕು. ಅವುಗಳಲ್ಲಿ ಬಹು ದೊಡ್ಡ ಪಾಲು ಇಳಿಯುವುದು ಈ ಗುಮ್ಮಟಗಳಲ್ಲಿ.

ಇಳಿದ ಮೇಲೆ ಅವನ್ನು ಜಗತ್ತಿಗೆ ಮುಟ್ಟಿಸಬೇಕಷ್ಟೆ. ಅಲ್ಲಿಯೇ ತೊಂದರೆ. ದೂರವಾಣಿಗೆ ಬಳಸುವ ಉಪಗ್ರಹಗಳು ಸಾಮಾನ್ಯವಾಗಿ ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರು ಎತ್ತರದಲ್ಲಿ ಒಂದೇ ಕಡೆ ನಿಂತಂತೆ ಇರುತ್ತವೆ. ಲಾಂಗ್‌ಇಯರ್‌ಬೀನ್‌ನಿಂದ ನೋಡಿದರೆ ಅವು ದಿಗಂತದಿಂದ ಮೇಲೆ ಮೂರು ಡಿಗ್ರಿಯಷ್ಟು ಮಾತ್ರ ಇವೆ. ಎದುರಿಗೆ ಒಂದು ಬೆಟ್ಟ ಅಡ್ಡಬಂದರೆ ಮುಗಿಯಿತು. ಇನ್ನೂ ಸ್ವಲ್ಪ ಉತ್ತರಕ್ಕೆ ಹೋದರೆ ಅವು ಕಾಣುವುದೇ ಇಲ್ಲ. ಅಂಥ ಕಿರುದಾರಿಯಲ್ಲಿ ಅಷ್ಟೊಂದು ಹೊರೆಯನ್ನು ಸಾಗಿಸುವುದು ಆಗದ ಮಾತಾಯಿತು. ಅದಕ್ಕಾಗಿ 2003ರ ಬೇಸಗೆಯಲ್ಲಿ ಹಡಗಿನಿಂದ ಸಮುದ್ರದ ತಳಕ್ಕೆ ತಂತಿಯನ್ನು ಇಳಿಸಿದರು. 2004ರ ಜನವರಿಯಲ್ಲಿ ಅದು ಬಳಕೆಗೆ ಬಂದಿತು. ತಂತಿ ಒಂದಲ್ಲ, ಎರಡು. ಒಂದೊಂದರ ಉದ್ದ ಸುಮಾರು 1,350 ಕಿಲೋಮೀಟರು. ನಾರ್ವೆಯ ಹಾರ್‌ಸ್ಟಾಡ್ ಪಟ್ಟಣದಿಂದ ಹೊರಟು, ಆಂದೋಯಾ ದ್ವೀಪವನ್ನು ಹಾದು, ಎರಡೂ ಇಲ್ಲಿಗೆ ಬಂದು ಮುಟ್ಟುತ್ತವೆ. ಎರಡು ಸಾವಿರ ಜನರ ಒಂದು ಊರಿಗಾಗಿ ಯಾರೂ ಇಷ್ಟು ಹಣ ಸುರಿಯುವುದಿಲ್ಲ. ಉಪಗ್ರಹದ ಅಳತೆಗಳು ತಮಗೆ ಬೇಕಾಗಿದ್ದುದರಿಂದ ಅಮೆರಿಕದ ನಾಸಾ ಮತ್ತು ನೋವಾ ಸಂಸ್ಥೆಗಳು ವೆಚ್ಚಕ್ಕೆ ಹೆಗಲು ಕೊಟ್ಟವು. ದೊಡ್ಡವರ ಗದ್ದೆಗೆ ಕಾಲುವೆ ತೋಡುವಾಗ ದಾರಿಯ ಬದಿಯ ಬಡವನ ಹಿತ್ತಲಿಗೂ ನೀರು ಹರಿದಂತೆ, ಈ ಊರಿನ ಮನೆಮನೆಗೂ ಅದೇ ತಂತಿಯಿಂದ ಮಾತು ಹರಿಯಿತು.

ತಂತಿಯು ದಡಕ್ಕೆ ಹತ್ತುವ ಸ್ಥಳವನ್ನು ನೋಡಬೇಕೆಂದು ನಾವು ಒಂದು ಸಂಜೆ ವಿಮಾನನಿಲ್ದಾಣದ ಬಳಿಯ ಹೊಟೆಲ್‌ನೇಸೆಟ್ ಎಂಬ ಭೂಶಿರಕ್ಕೆ ನಡೆದುಹೋದೆವು. 1896ರಷ್ಟು ಹಿಂದೆ ಯಾತ್ರಿಕರಿಗಾಗಿ ಅಲ್ಲಿ ಒಂದು ಹೋಟೆಲನ್ನು ಕಟ್ಟಿದ್ದರಂತೆ. ಹೆಸರು ಅದರಿಂದ ಬಂದುದು. ಈಗ ಅಲ್ಲಿ ನೋಡುವುದಕ್ಕೆ ಏನೂ ಇಲ್ಲ. ಕಲ್ಲುಹರಳಿನ ದಡ, ತಣ್ಣನೆಯ ನೀರು, ಕಿರಿಚುವ ಹಕ್ಕಿಗಳು. ನಮ್ಮ ಕಾಲಕೆಳಗೆ ಎಲ್ಲಿಯೋ ತಲೆಗೂದಲಿನಷ್ಟು ಸಣ್ಣ ಗಾಜಿನ ಎಳೆಗಳಲ್ಲಿ ಊರಿನ ಮಾತೆಲ್ಲವೂ ಬೆಳಕಿನ ಮಿಣುಕುಗಳಾಗಿ ಓಡುತ್ತಿತ್ತು. ಗಾಜಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರಿನಂತೆ ಸಾಗುವುದರಿಂದ ನಾರ್ವೆಯ ದಡವನ್ನು ಮುಟ್ಟಲು ಸೆಕೆಂಡಿನ ನೂರರಲ್ಲೊಂದು ಪಾಲೂ ಬೇಕಾಗುವುದಿಲ್ಲ. ದೂರ ಹೋದಂತೆ ಬೆಳಕು ಮಂಕಾಗುತ್ತದೆ. ಆದಕಾರಣ ಹತ್ತಾರು ಕಿಲೋಮೀಟರಿಗೊಂದರಂತೆ ಅದನ್ನು ಮತ್ತೆ ಬೆಳಗಿಸುವ ಉಪಕರಣಗಳನ್ನು ತಂತಿಯಲ್ಲಿಯೇ ಕೂಡಿಸಿದ್ದಾರೆ. ಅವುಗಳಿಗೆ ಬೇಕಾದ ವಿದ್ಯುಚ್ಛಕ್ತಿ ದಡದಿಂದ, ಅದೇ ತಂತಿಯೊಳಗಿನ ತಾಮ್ರದ ಮೂಲಕ ಹೋಗುತ್ತದೆ. ಮೀನುಗಾರರ ಬಲೆಗಳು ಎಟಕುವ ಕಡೆಗಳಲ್ಲಿ ತಂತಿಯನ್ನು ನೆಲದೊಳಗೆ ಹೂಳುತ್ತಾರೆ. ಬಹಳ ಆಳವಿದ್ದಲ್ಲಿ ತಳದ ಮೇಲೆ ಸುಮ್ಮನೆ ಮಲಗಿಸುತ್ತಾರೆ.

ಎರಡು ತಂತಿಗಳನ್ನು ಹಾಕಿದವರ ದೂರದೃಷ್ಟಿ ಎಂಥದೆಂಬುದು 2022ರ ಜನವರಿ 7ರಂದು ತಿಳಿದುಬಂದಿತು. ಆ ದಿನ ಮುಂಜಾನೆ ಒಂದು ತಂತಿಯ ಉಪಕರಣಗಳಿಗೆ ವಿದ್ಯುತ್ತು ಹೋಗುವುದು ನಿಂತಿತು. ಕೆಟ್ಟ ಸ್ಥಳವು ಲಾಂಗ್‌ಇಯರ್‌ಬೀನ್‌ನಿಂದ 130ರಿಂದ 230 ಕಿಲೋಮೀಟರು ದೂರದೊಳಗೆ, ಕಡಲಿನ ತಳವು 300 ಮೀಟರಿನಿಂದ 2,700 ಮೀಟರಿಗೆ ಇಳಿಯುವ ಭಾಗದಲ್ಲಿತ್ತು. ಮನುಷ್ಯರ ಕೈವಾಡದಿಂದಲೇ ಹೀಗಾಗಿರಬೇಕೆಂದು ಪೊಲೀಸರು ಅಭಿಪ್ರಾಯಪಟ್ಟರು. ಆದರೆ ಯಾರೆಂಬುದಕ್ಕೆ ಸಾಕಷ್ಟು ಸಾಕ್ಷ್ಯ ದೊರೆಯದೆ ವಿಚಾರಣೆಯನ್ನು ಮುಚ್ಚಿದರು. ಕೆಟ್ಟುದನ್ನು ಸರಿಪಡಿಸುವವರೆಗೆ ಇಡೀ ಊರೂ ಆ ಬೆಟ್ಟದ ಗುಮ್ಮಟಗಳೂ ಒಂದೇ ಒಂದು ಎಳೆಯಿಂದ ತೂಗಾಡುತ್ತಿದ್ದುವು.

ನಾವಿಳಿದಿದ್ದ ವಸತಿಗೃಹದ ಒಡತಿಯನ್ನು ಆ ದಿನದ ವಿಷಯ ಕೇಳಿದೆವು. ಆಕೆ ನಕ್ಕು, “ನಮಗೆ ಗೊತ್ತಾದುದೇ ಪತ್ರಿಕೆಯಿಂದ. ಆ ದಿನವೂ ಅಂಗಡಿಯಲ್ಲಿ ರೊಟ್ಟಿ ಕೊಂಡೆವು, ಮಕ್ಕಳು ಅಜ್ಜಿಯೊಡನೆ ಮಾತನಾಡಿದರು. ಸುದ್ದಿಯನ್ನು ಓದಿದ ಮೇಲೆ ಮಾತ್ರ ಕೆಲವು ದಿನ ಫೋನನ್ನು ಕೈಗೆತ್ತಿಕೊಂಡಾಗಲೆಲ್ಲ ಎದೆ ಒಂದು ಸಲ ಅಳುಕುತ್ತಿತ್ತು” ಎಂದಳು.

ಎರಡನೆಯ ಎಳೆ ಇಲ್ಲದ ಕಡೆ ಏನಾಗುತ್ತದೆಂಬುದಕ್ಕೆ ಇದೇ ಉತ್ತರಸಾಗರದ ಮತ್ತೊಂದು ದಡದಲ್ಲಿ ನಿದರ್ಶನವಿದೆ. ಅಮೆರಿಕದ ಅಲಾಸ್ಕಾ ಪ್ರಾಂತ್ಯದ ಉತ್ತರ ಕರಾವಳಿಯ ಊರುಗಳಿಗೆ ಕಡಲಡಿಯಲ್ಲಿ ಒಂದೇ ತಂತಿ ಹೋಗುತ್ತದೆ. 2023ರ ಜೂನ್ ತಿಂಗಳಲ್ಲಿ ಮಂಜುಗಡ್ಡೆಯ ರಾಶಿಯು ನೇಗಿಲಿನಂತೆ ಸಮುದ್ರದ ತಳವನ್ನು ಗೀರಿ ಆ ತಂತಿಯನ್ನು ಕಡಿದುಹಾಕಿತು. ಮಂಜು ಸರಿದು ದುರಸ್ತಿಯ ಹಡಗು ಅಲ್ಲಿಗೆ ತಲಪಿ ಕೆಲಸ ಮುಗಿಸುವುದರಲ್ಲಿ ಸೆಪ್ಟೆಂಬರಾಯಿತು. ಅಷ್ಟು ಕಾಲವೂ ನೋಮ್, ಕಾಟ್ಸೆಬ್ಯೂ, ಉಟ್ಕಿಯಾಗ್ವಿಕ್ ಮೊದಲಾದ ಊರುಗಳವರು ಉಪಗ್ರಹದ ಸಹಾಯದಿಂದ ಹೇಗೋ ದಿನ ನೂಕಿದರು. 2025ರ ಜನವರಿಯಲ್ಲಿ ಅದೇ ತಂತಿ ಮತ್ತೊಮ್ಮೆ ಕಡಿಯಿತು. ನಡುಚಳಿಗಾಲ, ಕಡಲು ಹೆಪ್ಪುಗಟ್ಟಿತ್ತು, ಬೇಸಗೆಯವರೆಗೆ ಕಾಯದೆ ಬೇರೆ ದಾರಿಯಿರಲಿಲ್ಲ. ಬೆಚ್ಚನೆಯ ಕಡಲುಗಳಲ್ಲಿ ಕೆಲವು ವಾರಗಳ ಕೆಲಸವಾದುದು ಇಲ್ಲಿ ಋತುಗಳ ಕೆಲಸವಾಗುತ್ತದೆ.

ಹಿಂದಿರುಗುವ ಮುನ್ನ ಒಂದು ದಿನ ನಾವು ಹಡಗಿನಲ್ಲಿ ನಿ-ಓಲೆಸುಂದ್ ಎಂಬ ಹಳ್ಳಿಗೆ ಹೋಗಿಬಂದೆವು. ವಾಯವ್ಯದಲ್ಲಿ ನೂರು ಕಿಲೋಮೀಟರಿಗಿಂತ ಸ್ವಲ್ಪ ದೂರ. ಹಿಂದೆ ಗಣಿಯಾಗಿದ್ದು ಈಗ ಬೇರೆಬೇರೆ ದೇಶಗಳ ವಿಜ್ಞಾನಿಗಳ ಬೀಡಾಗಿದೆ. 2008ರ ಜುಲೈ 1ರಂದು ತೆರೆದ ನಮ್ಮ ದೇಶದ ‘ಹಿಮಾದ್ರಿ’ ಕೇಂದ್ರವೂ ಅಲ್ಲಿಯೇ ಇದೆ. ಆ ಹೆಸರನ್ನು ಅಷ್ಟು ದೂರದಲ್ಲಿ ಕಂಡಾಗ ನಮಗಾದ ಹಿಗ್ಗನ್ನು ಹೇಳಲಾರೆವು. ದಡಕ್ಕೆ ಇಳಿಯುವ ಮೊದಲೇ ಫೋನುಗಳ ರೇಡಿಯೋ ಭಾಗವನ್ನು ನಿಲ್ಲಿಸಬೇಕೆಂದು ಹಡಗಿನವರು ಎಚ್ಚರಿಸಿದರು. ಬಹು ದೂರದ ನಕ್ಷತ್ರಲೋಕಗಳಿಂದ ಬರುವ ಅತಿ ಕ್ಷೀಣವಾದ ರೇಡಿಯೋ ಅಲೆಗಳನ್ನು ಹಿಡಿದು ಭೂಮಿಯ ಚಲನೆಯನ್ನು ಅಳೆಯುವ ಆಂಟೆನಾಗಳು ಅಲ್ಲಿವೆ. ನಮ್ಮ ಫೋನಿನ ಗುಜುಗುಜು ಅವುಗಳ ಕಿವಿಗೆ ಗುಡುಗಿನಂತೆ. 2023ರ ಡಿಸೆಂಬರಿನಲ್ಲಿ ಹೊರಟ ಭಾರತದ ಮೊದಲನೆಯ ಚಳಿಗಾಲದ ತಂಡದಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಇದ್ದು, ಇಲ್ಲಿಯ ರೇಡಿಯೋ ಮೌನ ಎಷ್ಟು ಗಾಢವಾಗಿದೆಯೆಂಬುದನ್ನು ಪರೀಕ್ಷಿಸಿದರು. ಇಂಥ ಸ್ಥಳಕ್ಕೆ ಗಾಜಿನ ಎಳೆಗಿಂತ ಒಳ್ಳೆಯ ಸಾಧನವಿಲ್ಲ. ಬೆಳಕು ಸದ್ದು ಮಾಡದೆ ಹೋಗುತ್ತದೆ. 2015ರಿಂದ ಲಾಂಗ್‌ಇಯರ್‌ಬೀನ್‌ನಿಂದ ಇಲ್ಲಿಗೂ ಕಡಲಡಿಯ ತಂತಿಯಿದೆ.

ಹಳ್ಳಿಯ ಹೊರಗೆ ಒಂದು ಎತ್ತರವಾದ ಕಬ್ಬಿಣದ ಕಂಬ ನಿಂತಿದೆ. 1926ರಲ್ಲಿ ಅಮುಂಡ್ಸೆನ್ ಮೊದಲಾದವರು ‘ನಾರ್ಗೆ’ ಎಂಬ ವಾಯುನೌಕೆಯನ್ನು ಅದಕ್ಕೆ ಕಟ್ಟಿ, ಅಲ್ಲಿಂದ ಧ್ರುವದ ಮೇಲೆ ಹಾರಿಹೋದರು. 1928ರಲ್ಲಿ ನೊಬಿಲೆ ಎಂಬ ಇಟಲಿಯವನು ‘ಇಟಾಲಿಯಾ’ ನೌಕೆಯಲ್ಲಿ ಹೊರಟುದೂ ಇಲ್ಲಿಂದಲೇ. ಆ ನೌಕೆ ಮೇ 25ರಂದು ಮಂಜಿನ ಮೇಲೆ ಬಿದ್ದಿತು. ಉಳಿದವರಲ್ಲಿದ್ದ ಬಿಯಾಜಿ ಎಂಬ ನಿಸ್ತಂತುಗಾರನು ಒಂದು ಪುಟ್ಟ ಯಂತ್ರದಿಂದ ದಿನದಿನವೂ ಕೂಗಿಕೊಂಡನು. ಹತ್ತಿರದಲ್ಲಿದ್ದ ಅವರ ಹಡಗಿಗೇ ಅದು ಕೇಳಿಸಲಿಲ್ಲ. ಜೂನ್ 3ರಂದು ಸಾವಿರಾರು ಕಿಲೋಮೀಟರು ದೂರದ ರಷ್ಯದ ಹಳ್ಳಿಯೊಂದರಲ್ಲಿ ಹವ್ಯಾಸಕ್ಕಾಗಿ ಯಂತ್ರವಿಟ್ಟುಕೊಂಡಿದ್ದ ತರುಣನೊಬ್ಬನಿಗೆ ಕೇಳಿಸಿತು. ಅದರಿಂದ ಅನೇಕರು ಬದುಕಿದರು. ಅವರನ್ನು ಹುಡುಕಲು ಹೋದ ಅಮುಂಡ್ಸೆನ್ ಮಾತ್ರ ಹಿಂದಿರುಗಲಿಲ್ಲ. ಕೂಗಿದ ಕೂಗು ಒಬ್ಬನಿಗಾದರೂ ಮುಟ್ಟುವುದೆಂದರೆ ಏನೆಂಬುದು ಆ ಕಂಬದ ಕೆಳಗೆ ನಿಂತಾಗ ನಮಗೆ ಮನವರಿಕೆಯಾಯಿತು.

ಆಗಸ್ಟ್ 8ರ ಶುಕ್ರವಾರ ವರಮಹಾಲಕ್ಷ್ಮಿಯ ವ್ರತ. ಮದುವೆಯಾದಂದಿನಿಂದ ನಮ್ಮ ಮನೆಯಾಕೆ ಆ ಪೂಜೆಯನ್ನು ಒಂದು ವರ್ಷವೂ ತಪ್ಪಿಸಿರಲಿಲ್ಲ. ಬೆಳಗಿನಿಂದ ಮುಖ ಸಣ್ಣದು ಮಾಡಿಕೊಂಡಿದ್ದಳು. ಲಾಂಗ್‌ಇಯರ್‌ಬೀನ್‌ನಲ್ಲಿ ಮಧ್ಯಾಹ್ನ ಮೂರೂವರೆ ಗಂಟೆಯಾದಾಗ ಮೈಸೂರಿನಲ್ಲಿ ಸಾಯಂಕಾಲ ಏಳು. ಫೋನನ್ನು ಕಿಟಕಿಗೆ ಒರಗಿಸಿಟ್ಟು ಕರೆದೆವು. ಮರುಕ್ಷಣವೇ ಕಳಶ, ಬಾಳೆಕಂದು, ಸೇವಂತಿಗೆಯ ದಂಡೆ, ಆರತಿಯ ಬೆಳಕು ಎಲ್ಲವೂ ಕಣ್ಣಮುಂದೆ ಬಂದುವು. ಘಂಟೆಯ ಸದ್ದೂ ಕೇಳಿಸಿತು. ನಮ್ಮ ಮನೆಯಾಕೆ ಕೈಮುಗಿದು ಕಣ್ಣೊರಸಿಕೊಂಡಳು. ಕಿಟಕಿಯ ಹೊರಗೆ ಹಿಮದ ಬೆಟ್ಟ.

ಆರತಿಯಾದ ಮೇಲೆ ತಾಯಿಯವರು ಫೋನಿನ ಮುಂದೆ ಬಂದು ಕುಳಿತರು. ನಾವು ತಂತಿಯ ಕಥೆಯನ್ನು ಆದಷ್ಟು ಸಣ್ಣದು ಮಾಡಿ ಹೇಳಿದೆವು. ಅವರು ಕೇಳಿಕೊಂಡು, “ಹಾಗಾದರೆ ನನ್ನ ಮಾತು ಸಮುದ್ರದ ಅಡಿಯಿಂದ ಬರುತ್ತಿದೆಯೇ? ಹಗ್ಗ ಒಂದೇಯೋ?” ಎಂದರು.

“ಎರಡಿವೆಯಮ್ಮ. ಒಂದು ಕೆಟ್ಟರೂ ಇನ್ನೊಂದಿರುತ್ತದೆ. ಇವು ಹಳೆಯದಾಗುತ್ತಿವೆಯೆಂದು ಹೊಸತೊಂದನ್ನು ಹಾಕುವ ಏರ್ಪಾಡನ್ನೂ ಮಾಡುತ್ತಿದ್ದಾರೆ.”

“ಬುದ್ಧಿವಂತರು. ನಿಮ್ಮ ಅಜ್ಜಿ ಬಾವಿಯ ಮನೆಯಲ್ಲಿ ಯಾವಾಗಲೂ ಎರಡು ಹಗ್ಗ ಇಟ್ಟಿರುತ್ತಿದ್ದರು. ಒಂದು ಹಗ್ಗವನ್ನು ನಂಬಿ ಬಿಂದಿಗೆ ಇಳಿಸಬಾರದು ಎನ್ನುತ್ತಿದ್ದರು. ಸರಿ, ಊಟ ಮಾಡಿದಿರೇನಪ್ಪ?”

ಊಟವಾಯಿತೆಂದು ಹೇಳಿದೆವು. ಮಾರನೆಯ ದಿನ ಬೆಳಗ್ಗೆ ನಾವು ವಿಮಾನವನ್ನು ಹತ್ತಿದೆವು. ಕೆಳಗೆ ಮತ್ತೆ ಅದೇ ಬೂದುಬಣ್ಣದ ಸಮುದ್ರ. ಬರುವಾಗ ಅದರಲ್ಲಿ ಏನೂ ಇಲ್ಲವೆಂದುಕೊಂಡಿದ್ದೆವು.